ಕುವೈತ್‌ಗೆ ಒಂದು ಅಳತೆ, ಮಲ್ಪೆಗೆ ಇನ್ನೊಂದು

2020ರ ಜುಲೈಯಲ್ಲಿ ಕುವೈತ್ ಪಾರ್ಲಿಮೆಂಟಿನ ಕಾನೂನು ಸಮಿತಿ ಒಂದು ಮಸೂದೆ ನೋಡಿ ಇದರಲ್ಲಿ ಸಂವಿಧಾನಕ್ಕೆ ವಿರುದ್ಧ ಆದದ್ದು ಏನೂ ಇಲ್ಲ ಅಂತ ಹೇಳ್ತು. ಮಸೂದೆಯಲ್ಲಿ ಇದ್ದದ್ದು ಏನಂದ್ರೆ ಆ ದೇಶದ ಜನಸಂಖ್ಯೆಯಲ್ಲಿ ಭಾರತೀಯರು ಶೇ. 15ಕ್ಕಿಂತ ಜಾಸ್ತಿ ಇರಬಾರದು. ಆಗ ಅಲ್ಲಿದ್ದ ನಮ್ಮವರು 14 ಲಕ್ಷದ ಮೇಲೆ, ದೇಶದ ಒಟ್ಟು ಜನ 43 ಲಕ್ಷದ ಆಸುಪಾಸು, ಹಾಗಾಗಿ ಇದು ಜಾರಿಗೆ ಬಂದ್ರೆ 8 ಲಕ್ಷದಷ್ಟು ಭಾರತೀಯರು ಗಂಟುಮೂಟೆ ಕಟ್ಟಬೇಕಾಗ್ತದೆ ಅಂತ ಪೇಪರಿನಲ್ಲಿ ಬಂತು. ಆ ವಾರ ಕುಂದಾಪುರದಿಂದ ಉಳ್ಳಾಲದವರೆಗೆ ಎಷ್ಟು ಮನೆಗಳಲ್ಲಿ ಊಟ ಗಂಟಲಲ್ಲಿ ಇಳೀಲಿಲ್ಲ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು, ಇದು ಅನ್ಯಾಯ, ಅವರ ರಸ್ತೆ ಕಟ್ಟಿದ್ದು ಯಾರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದ್ದು ಯಾರು, ಈಗ ಎಣ್ಣೆ ರೇಟ್ ಬಿದ್ದ ಕೂಡ್ಲೇ ಕೆಲಸದವರನ್ನೇ ಹೊರಗೆ ಹಾಕೋದಾ ಅಂತ.

ಅದು ಸರಿಯಾದ ಸಿಟ್ಟೇ. ಅಲ್ಲಿಯ ಒಬ್ಬ ಸಂಸದೆ ವಲಸಿಗರು ಉಸಿರಾಡುವ ಗಾಳಿಗೂ ತೆರಿಗೆ ಹಾಕಬೇಕು ಅನ್ನುವ ಮಟ್ಟಕ್ಕೆ ಮಾತಾಡ್ತಿದ್ದ ಕಾಲ ಅದು. ಕೊನೆಗೆ ದೇಶವಾರು ಕೋಟಾ ಆ ರೂಪದಲ್ಲಿ ಬರಲಿಲ್ಲ, ಆ ಸಂಸದೆ 2020ರ ಡಿಸೆಂಬರ್ ಚುನಾವಣೆಯಲ್ಲಿ ಸೋತ್ರು, ನಾವು ಮರೆತು ಬಿಟ್ಟೆವು. ಆದ್ರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿತು. ಅದೇ ವಾದವನ್ನು, ಅಂದ್ರೆ ಹೊರಗಿನವರು ಜಾಸ್ತಿ ಆದ್ರು, ನಮ್ಮ ಕೆಲಸ ತಗೊಂಡ್ರು, ಎಷ್ಟು ಜನ ಇದ್ದಾರೆ ಅಂತಲೇ ಗೊತ್ತಿಲ್ಲ, ಊರು ಕೆಡ್ತಾ ಉಂಟು ಅನ್ನುವುದನ್ನು, ನಮ್ಮ ಊರಿನ ಸ್ಟೇಜಿನಲ್ಲಿ ನಮ್ಮ ಲೀಡರ್ ಹೇಳಿದಾಗ ನಾವು ಯಾಕೆ ಚಪ್ಪಾಳೆ ಹೊಡೀತೇವೆ? ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡ ಅಂಗಡಿಯವನನ್ನು ನಾವು ಮೋಸಗಾರ ಅಂತೇವೆ. ವಲಸೆಯ ವಿಷಯದಲ್ಲಿ ಜಗತ್ತಿನ ಹೆಚ್ಚಿನ ರಾಜಕೀಯ ಭಾಷಣ ನಡೆಯೋದು ಇದೇ ಎರಡು ಸೇರಿನ ಮೇಲೆ. ಅಮೆರಿಕದಲ್ಲೂ ಹಾಗೇ, ಇಂಗ್ಲೆಂಡಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ.

ಮೊದಲೇ ಒಂದು ವಿಷಯ ಹೇಳಿಬಿಡ್ತೇನೆ. ಯಾರು ಒಳಗೆ ಬರಬೇಕು, ಎಷ್ಟು ದಿನ ಇರಬೇಕು ಅಂತ ನಿರ್ಧಾರ ಮಾಡುವ ಹಕ್ಕು ಒಂದು ದೇಶಕ್ಕೆ ಉಂಟು, ಅದರಲ್ಲಿ ನನಗೆ ತಕರಾರು ಇಲ್ಲ. ಕುವೈತ್‌ಗೂ ಉಂಟು, ಅಮೆರಿಕಕ್ಕೂ ಉಂಟು, ಭಾರತಕ್ಕೂ ಉಂಟು. ನನ್ನ ತಕರಾರು ಆ ಹಕ್ಕನ್ನು ಬಳಸುವ ರೀತಿಯ ಬಗ್ಗೆ, ಮತ್ತೆ ಆ ಬಗ್ಗೆ ಮಾತಾಡುವಾಗ ನಡೆಯುವ ಕೈಚಳಕದ ಬಗ್ಗೆ.

ಮೊದಲನೇ ಕೈಚಳಕ ಅಂದ್ರೆ ಬೇರೆ ಬೇರೆ ಜನರನ್ನು ಒಂದೇ ಗೋಣಿಗೆ ತುಂಬೋದು. ಉಡುಪಿಯ ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಡಿಶಾದವ, ಜಾರ್ಖಂಡ್‌ನವ, ಕಟ್ಟಡದ ಕೆಲಸಕ್ಕೆ ಬಂದ ಪಶ್ಚಿಮ ಬಂಗಾಳದ ಮುರ್ಷಿದಾಬಾದಿನವ, ಉಡುಪಿ ಪೇಟೆಯ ಬೀಡಿನಗುಡ್ಡೆಯಲ್ಲಿ ಇರುವ ಬಾಗಲಕೋಟೆ ಗದಗ ಕಡೆಯವರು (ಇವರು ಕನ್ನಡಿಗರೇ, ಆದ್ರೂ ನಮ್ಮ ಬಾಯಲ್ಲಿ ಇಂದಿಗೂ "ಘಟ್ಟದವರು"), ಇವರೆಲ್ಲ ಈ ದೇಶದ ಪ್ರಜೆಗಳು. ದೇಶದೊಳಗೆ ಎಲ್ಲಿ ಬೇಕಾದ್ರೂ ಹೋಗಿ ಇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿ ಅವರಿಗೂ ಉಂಟು, ನಮಗೂ ಉಂಟು. ವೀಸಾ ತಗೊಂಡು ಬಂದು ಅವಧಿ ಮೀರಿ ಉಳಿದವ ಬೇರೆ. ಬಾರ್ಡರ್ ದಾಟಿ ಬಂದು ನಕಲಿ ಆಧಾರ್ ಮಾಡಿಸಿಕೊಂಡವ ಬೇರೆ. ಜೀವ ಉಳಿಸಿಕೊಳ್ಳಲಿಕ್ಕೆ ಓಡಿ ಬಂದ ನಿರಾಶ್ರಿತ ಮತ್ತೂ ಬೇರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ಕಾರಣ ನಮ್ಮ ಕಾನೂನಿನಲ್ಲಿ ನಿರಾಶ್ರಿತರಿಗೆ ಅಂತಲೇ ಪ್ರತ್ಯೇಕ ಸ್ಥಾನ ಇಲ್ಲ, ಅದು ಇನ್ನೊಂದು ತೊಡಕು. ಈ ನಾಲ್ಕೂ ಜನರಿಗೆ ಕಾನೂನು ಬೇರೆ, ನ್ಯಾಯ ಬೇರೆ. ಆದ್ರೆ ಭಾಷಣದಲ್ಲಿ ಎಲ್ಲರೂ "ಹೊರಗಿನವರು".

2024ರ ಅಕ್ಟೋಬರ್‌ನಲ್ಲಿ ಮಲ್ಪೆಯಲ್ಲಿ ನಕಲಿ ದಾಖಲೆ ಇಟ್ಟುಕೊಂಡಿದ್ದ ಬಾಂಗ್ಲಾದೇಶೀಯರನ್ನು ಪೊಲೀಸರು ಹಿಡಿದ್ರು. ಅದು ನಿಜವಾಗಿ ಆದದ್ದು, ಪೊಲೀಸರು ಮಾಡಬೇಕಾದ ಕೆಲಸವೇ ಮಾಡಿದ್ದು. ಸಮಸ್ಯೆ ಇದ್ದದ್ದು ಅದರ ನಂತರ. ಅಲ್ಲಿಂದ ಮೇಲೆ ಹಿಂದಿ ಮಾತಾಡುವ, ಕಪ್ಪಗಿರುವ, ಲುಂಗಿ ಉಟ್ಟ ಪ್ರತಿ ಹುಡುಗನೂ ಅನುಮಾನದ ಮನುಷ್ಯ ಆದ. ನಾನು ಮಲ್ಪೆ ಬಂದರಿನ ಹತ್ತಿರ ಒಂದು ಬೆಳಿಗ್ಗೆ ನೋಡಿದ್ದು ಹೇಳ್ತೇನೆ. ಟೀ ಅಂಗಡಿಯ ಎದುರು ಮೂರ್ನಾಲ್ಕು ಜನ ಒಬ್ಬ ಹುಡುಗನನ್ನು ನಿಲ್ಲಿಸಿದ್ರು, ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬಹುದು, ಕೈಯಲ್ಲಿ ಬನ್ನಿನ ಪ್ಯಾಕೆಟ್, ಕಾಲಿಗೆ ಐಸ್ ನೀರಿನಲ್ಲಿ ನೆನೆದ ಗಂಬೂಟು. "ಎಲ್ಲಿಯವನಾ ನೀನು, ಬಾಂಗ್ಲಾವಾ?" ಅವ ಫೋನ್ ತೆಗೆದು ಆಧಾರಿನ ಫೋಟೋ ತೋರಿಸಿದ, ಇವರು ಅದನ್ನು ದೊಡ್ಡದು ಮಾಡಿ ನೋಡಿ "ಇದೆಲ್ಲ ಐನೂರು ರೂಪಾಯಿಗೆ ಮಾಡಿ ಕೊಡ್ತಾರೆ" ಅಂದ್ರು. ವೋಟರ್ ಐಡಿ ತೋರಿಸಿದ, ಅದಕ್ಕೂ ಅದೇ ಉತ್ತರ. ಹುಡುಗನಿಗೆ ಇನ್ನು ತೋರಿಸಲಿಕ್ಕೆ ಏನೂ ಇರಲಿಲ್ಲ, ಬೆವರ್ತಾ ಇದ್ದ. ಅಷ್ಟರಲ್ಲಿ ಅವನ ಬೋಟಿನ ತಂಡೇಲರು, ಅಂದ್ರೆ ಬೋಟು ನಡೆಸುವ ಮುಖ್ಯಸ್ಥರು, ಬಂದು "ಬಿಡಿ ಮಾರಾಯ್ರೆ, ನಮ್ಮ ಬೋಟಿನ ಜನ, ಜಾರ್ಖಂಡ್‌ನವ" ಅಂದ್ರು, ಆಗ ಬಿಟ್ರು. ಅಷ್ಟೇ, ಹೊಡೆತ ಬಡಿತ ಏನೂ ಆಗ್ಲಿಲ್ಲ, ಎಲ್ಲರೂ ಟೀ ಕುಡೀಲಿಕ್ಕೆ ಹೋದ್ರು.

ಆದ್ರೆ ಯೋಚನೆ ಮಾಡಿ. ಭಾರತ ಸರ್ಕಾರ ಕೊಟ್ಟ ಎರಡು ಕಾರ್ಡಿಗೆ ಇಲ್ಲದ ಬೆಲೆ ಒಬ್ಬ ಧಣಿಯ ಒಂದು ಮಾತಿಗೆ ಇತ್ತು. ಗಲ್ಫಿನಲ್ಲಿ ನಮ್ಮವರು ಕಫೀಲನ, ಅಂದ್ರೆ ವೀಸಾ ಕೊಟ್ಟ ಅಲ್ಲಿಯ ಮಾಲೀಕನ, ಕೈಯಲ್ಲಿ ಇರೋದು ಹೀಗೇ ಅಲ್ವಾ? ಕಫೀಲ "ಇವ ನನ್ನ ಜನ" ಅಂದ್ರೆ ನೀನು ಇದ್ದಿ, ಅವ ಕೈ ಬಿಟ್ರೆ ನಿನ್ನ ಕಾಗದ ಎಷ್ಟು ಸರಿ ಇದ್ರೂ ನೀನು ಇಲ್ಲ. ಪಾಸ್‌ಪೋರ್ಟ್ ಕಂಪೆನಿಯ ಡ್ರಾಯರಿನಲ್ಲಿ, ಕೆಲಸ ಬಿಟ್ರೆ ಓಡಿಹೋದ ಅಂತ ಕೇಸು. ಕತಾರ್ 2020ರಲ್ಲಿ ಕೆಲಸ ಬದಲಿಸಲಿಕ್ಕೆ ಹಳೇ ಮಾಲೀಕನ ಅನುಮತಿ ಬೇಡ ಅಂತ ಕಾನೂನು ಮಾಡಿದಾಗ, ಸೌದಿ 2021ರಲ್ಲಿ ಸ್ವಲ್ಪ ಸಡಿಲ ಮಾಡಿದಾಗ ನಾವು ಇಲ್ಲಿ ಖುಷಿ ಪಟ್ಟೆವು. ತನ್ನ ದೇಶದಲ್ಲೇ ಇರುವ ಆ ಜಾರ್ಖಂಡಿನ ಹುಡುಗನಿಗೆ ಮಾತ್ರ ಮಲ್ಪೆಯಲ್ಲಿ ಒಬ್ಬ ಕಫೀಲ ಬೇಕಾಯ್ತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ವಿಷಯ ಬರ್ತದೆ, ಹೆಚ್ಚಿನವರು ಗಮನಿಸೋದಿಲ್ಲ. ಸಾಧಾರಣ ಕ್ರಿಮಿನಲ್ ಕೇಸಿನಲ್ಲಿ ತಪ್ಪು ಮಾಡಿದ್ದಾನೆ ಅಂತ ಸಾಬೀತು ಮಾಡಬೇಕಾದ್ದು ಸರ್ಕಾರ. 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡಬೇಕಾದ್ದು ಆ ಮನುಷ್ಯನೇ. ಆ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ, ನಕಲಿ ಪಾಸ್‌ಪೋರ್ಟಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಆದ್ರೆ ಸಾಬೀತು ಮಾಡುವ ಭಾರ ಅದರಲ್ಲೂ ಆ ಮನುಷ್ಯನ ತಲೆ ಮೇಲೇ. ಹೊರದೇಶದವನ ಬಗ್ಗೆ ಸರ್ಕಾರಕ್ಕೆ ಮಾಹಿತಿ ಸಿಗೋದು ಕಷ್ಟ, ಅವನ ಹುಟ್ಟು ಎಲ್ಲಿ ಅಂತ ಅವನಿಗೇ ಗೊತ್ತಿರೋದು, ಹಾಗಾಗಿ ಅವನೇ ಹೇಳಲಿ ಅನ್ನೋದು ಇದರ ಹಿಂದಿನ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆದ್ರೆ ಪಾಲಿಸುವಾಗ ಏನಾಗ್ತದೆ? ಕಾಗದ ಪತ್ರ ಸರಿ ಇಟ್ಟುಕೊಳ್ಳುವ ತಾಕತ್ತು ಯಾರಿಗೆ ಇಲ್ಲವೋ ಅವರೇ ಸಿಕ್ಕಿ ಬೀಳೋದು. ಅಸ್ಸಾಮಿನಲ್ಲಿ ಎನ್‌ಆರ್‌ಸಿ, ಅಂದ್ರೆ ದೇಶದ ಪ್ರಜೆಗಳ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ಕ್ಕೆ ಬಂದಾಗ ಅರ್ಜಿ ಹಾಕಿದ 3.3 ಕೋಟಿ ಜನರಲ್ಲಿ 19 ಲಕ್ಷ ಚಿಲ್ಲರೆ ಜನ ಹೊರಗೆ ಉಳಿದ್ರು, ಅದರಲ್ಲಿ ಹಿಂದೂಗಳೂ ಇದ್ರು ಮುಸ್ಲಿಮರೂ ಇದ್ರು, ಒಂದೇ ಮನೆಯಲ್ಲಿ ಅಣ್ಣ ಒಳಗೆ ತಮ್ಮ ಹೊರಗೆ ಆದದ್ದೂ ಉಂಟು. ಕೊನೆಗೆ ಆ ಪಟ್ಟಿ ಬೇಕು ಅಂದವರೂ ಇದು ಸರಿ ಇಲ್ಲ ಅಂದ್ರು, ಬೇಡ ಅಂದವರೂ ಸರಿ ಇಲ್ಲ ಅಂದ್ರು.

ಸಂಖ್ಯೆಯ ಕಥೆಯೂ ಇದೇ ಥರ. 2004ರಲ್ಲಿ ಯುಪಿಎ ಸರ್ಕಾರದ ಗೃಹ ರಾಜ್ಯ ಸಚಿವರು ದೇಶದಲ್ಲಿ 1.2 ಕೋಟಿ ಅಕ್ರಮ ಬಾಂಗ್ಲಾದೇಶೀಯರು ಇದ್ದಾರೆ ಅಂತ ಸಂಸತ್ತಿನಲ್ಲಿ ಹೇಳಿದ್ರು, ಕೆಲವೇ ದಿನದಲ್ಲಿ ಆ ಲೆಕ್ಕ ನಂಬುವ ಹಾಗಿಲ್ಲ ಅಂತ ವಾಪಸ್ ತಗೊಂಡ್ರು. 2016ರಲ್ಲಿ ಎನ್‌ಡಿಎ ಸರ್ಕಾರದ ಗೃಹ ರಾಜ್ಯ ಸಚಿವ ಕಿರಣ್ ರಿಜಿಜು 2 ಕೋಟಿ ಅಂದ್ರು. ಯಾವ ಎಣಿಕೆಯಿಂದ ಬಂತು ಈ 2 ಕೋಟಿ ಅಂತ ಕೇಳಿದ್ರೆ ತೋರಿಸಲಿಕ್ಕೆ ಒಂದು ಸರ್ವೆ ಇಲ್ಲ. ಕದ್ದು ಬಂದವರನ್ನು ಎಣಿಸೋದು ಕಷ್ಟ, ಒಪ್ಪುವ, ಹಾಗಿದ್ರೆ ಸರಿಯಾಗಿ ಗೊತ್ತಿಲ್ಲ ಅಂತ ಹೇಳಬೇಕು, ಅದು ಬಿಟ್ಟು ಒಂದು ದೊಡ್ಡ ಸಂಖ್ಯೆ ಎಸೆದ್ರೆ ಅದು ವಾಟ್ಸಾಪಿನಲ್ಲಿ ಹತ್ತು ವರ್ಷ ಓಡ್ತದೆ, ವಾಪಸ್ ತಗೊಂಡ ಸುದ್ದಿ ಹತ್ತು ನಿಮಿಷವೂ ಓಡೋದಿಲ್ಲ. ಎರಡೂ ಪಕ್ಷದವರು ಇದನ್ನು ಮಾಡಿದ್ದಾರೆ ಅಂತ ಹೇಳ್ಲಿಕ್ಕೆ ಎರಡೂ ಹೆಸರು ತೆಗೆದೆ.

ಸಂಖ್ಯೆ ದೊಡ್ಡದಾದ ಮೇಲೆ ಮನುಷ್ಯರ ಹೆಸರು ಹೋಗಿ ಹುಳದ ಹೆಸರು ಬರ್ತದೆ. ಅಮಿತ್ ಶಾ 2018ರಲ್ಲಿ, ಮತ್ತೆ 2019ರ ಚುನಾವಣೆಯಲ್ಲಿ ನುಸುಳುಕೋರರನ್ನು ಗೆದ್ದಲಿಗೆ ಹೋಲಿಸಿದ್ರು. ಅಮೆರಿಕದಲ್ಲಿ 2024ರ ಸೆಪ್ಟೆಂಬರ್ 10ರ ಡಿಬೇಟಿನಲ್ಲಿ ಟ್ರಂಪ್ ಅವರು ಒಹಾಯೋದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವಲಸೆ ಬಂದವರು ಜನರ ನಾಯಿ ಬೆಕ್ಕು ತಿಂತಿದ್ದಾರೆ ಅಂತ ಕೋಟ್ಯಂತರ ಜನರ ಎದುರು ಹೇಳಿದ್ರು. ಹಾಗೆ ಆದ ಬಗ್ಗೆ ನಂಬುವಂಥ ಒಂದೂ ದೂರು ನಮ್ಮ ಹತ್ತಿರ ಇಲ್ಲ ಅಂತ ಆ ಊರಿನ ಆಡಳಿತವೇ ಹೇಳಿತ್ತು, ಅಲ್ಲಿಗೆ ವಲಸೆ ಬಂದಿದ್ದ ಹೈಟಿ ದೇಶದವರಲ್ಲಿ ಹೆಚ್ಚಿನವರು ಕಾನೂನು ಪ್ರಕಾರವೇ ಇದ್ದವರು. ಆದ್ರೂ ಮುಂದಿನ ದಿನಗಳಲ್ಲಿ ಆ ಊರಿನ ಶಾಲೆಗಳಿಗೆ ಬಾಂಬ್ ಬೆದರಿಕೆ ಬಂತು, ಮಕ್ಕಳನ್ನು ಮನೆಗೆ ಕಳಿಸಬೇಕಾಯ್ತು. ಮಾತು ಎಂತ ಮಾಡ್ತದೆ ಬಿಡಿ ಅಂತ ಹೇಳುವವರು ಇದನ್ನು ನೆನಪಿಡಬೇಕು.

ನಮಗೆ ಇದರ ಅನುಭವ ಇಲ್ಲ ಅಂತ ಅಲ್ಲ. ಬೊಂಬಾಯಿಗೆ ಹೋದ ನಮ್ಮ ಹಿರಿಯರನ್ನು ಕೇಳಿ. 1966ರಲ್ಲಿ ಶಿವಸೇನೆ ಶುರುವಾದಾಗ ಮೊದಲ ಗುರಿ ಯಾರು, ದಕ್ಷಿಣದವರು. ಉಡುಪಿಯವನೂ ಮದ್ರಾಸಿ, ಪಾಲಕ್ಕಾಡಿನವನೂ ಮದ್ರಾಸಿ. ಆಫೀಸುಗಳಲ್ಲಿ ಇರುವ ದಕ್ಷಿಣದವರ ಹೆಸರಿನ ಪಟ್ಟಿ ಪತ್ರಿಕೆಯಲ್ಲಿ ಹಾಕ್ತಿದ್ರು, "ಲುಂಗಿ ಹಟಾವೋ ಪುಂಗಿ ಬಜಾವೋ" ಅಂತ ಘೋಷಣೆ, ಉಡುಪಿ ಹೋಟೆಲಿನ ಗಾಜು ಒಡೆದ್ರು. ಆಗ ಮರಾಠಿ ಹುಡುಗರಿಗೆ ಇದ್ದ ಕಷ್ಟ ಸುಳ್ಳಲ್ಲ, ಓದಿದವರಿಗೆ ಕೆಲಸ ಇರಲಿಲ್ಲ. ಆದ್ರೆ ಆ ಸಿಟ್ಟು ತಿರುಗಿದ್ದು ಹದಿನಾಲ್ಕನೇ ವಯಸ್ಸಿಗೆ ಬಸ್ ಹತ್ತಿ ಹೋಗಿ ಲೋಟ ತೊಳೆದು ರಾತ್ರಿ ಶಾಲೆ ಕಲಿತವರ ಮೇಲೆ. ಹೊಸ ಕೆಲಸ ಹುಟ್ಟಿಸುವ ಜವಾಬ್ದಾರಿ ಇದ್ದವರನ್ನು ಯಾರೂ ಕೇಳಲಿಲ್ಲ.

ಇದೇ ಜಾಗದಲ್ಲಿ 2024ರ ಜುಲೈಯಲ್ಲಿ ನಮ್ಮ ಕಾಂಗ್ರೆಸ್ ಸರ್ಕಾರದ ಕ್ಯಾಬಿನೆಟ್ ಒಪ್ಪಿದ ಮಸೂದೆಯನ್ನೂ ಇಡಬೇಕು. ಖಾಸಗಿ ಕಂಪೆನಿಗಳಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಐಟಿ ಕಂಪೆನಿಯವರು ಬೊಬ್ಬೆ ಹಾಕಿದ ಮೇಲೆ ಎರಡೇ ದಿನದಲ್ಲಿ ತಡೆ ಹಿಡಿದ್ರು. ಸೌದಿಯವರು 2011ರಲ್ಲಿ ನಿತಾಕತ್ ಅಂತ ತಂದು ಪ್ರತಿ ಕಂಪೆನಿಯಲ್ಲಿ ಇಷ್ಟು ಸೌದಿಗಳು ಇರಲೇಬೇಕು ಅಂದಾಗ ಇಲ್ಲಿ ನಾವು ಅದನ್ನು ಹೊಟ್ಟೆಗೆ ಹೊಡೆತ ಅಂದೆವು. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ, ಕನ್ನಡದವರಿಗೆ ಕರ್ನಾಟಕದಲ್ಲೇ ಕೆಲಸ ಸಿಗದಿದ್ರೆ ಅದು ಗಂಭೀರ ವಿಷಯವೇ. ಆದ್ರೆ ಅಲ್ಲಿ ಅದು ಅನ್ಯಾಯ, ಇಲ್ಲಿ ಅದು ಸ್ವಾಭಿಮಾನ ಅಂತ ಹೇಳಬೇಕಾದ್ರೆ ವ್ಯತ್ಯಾಸ ಏನು ಅಂತ ವಿವರಿಸುವ ಜವಾಬ್ದಾರಿ ಹೇಳುವವನ ಮೇಲೆ ಉಂಟು.

ಈಗ "ಅಕ್ರಮ" ಅನ್ನುವ ವಿಷಯಕ್ಕೆ ಬರುವ, ಯಾಕಂದ್ರೆ ಇಲ್ಲಿ ನಮ್ಮ ಕಡೆಯವರು ತುಂಬ ಗಟ್ಟಿಯಾಗಿ ಮಾತಾಡ್ತಾರೆ, ನಮ್ಮವರೆಲ್ಲ ಸರಿಯಾಗಿ ವೀಸಾ ಮಾಡಿಸಿ ಹೋದವರು, ಇವರು ಕದ್ದು ಬಂದವರು ಅಂತ. ಗಲ್ಫಿನಲ್ಲಿ ಇದ್ದು ಬಂದ ಯಾರನ್ನಾದ್ರೂ ಕೂರಿಸಿ "ಫ್ರೀ ವೀಸಾ" ಅಂದ್ರೆ ಎಂತ ಅಂತ ಕೇಳಿ. ಕಟಪಾಡಿ ಕಡೆಯ ನಮ್ಮ ಪರಿಚಯದ ಹಿರಿಯರೊಬ್ಬರು ಕುವೈತ್‌ನಲ್ಲಿ ತುಂಬ ವರ್ಷ ದುಡಿದವರು, ಅವರ ಹತ್ತಿರ ಇದ್ದದ್ದು 20 ನಂಬರ್ ವೀಸಾ, ಅಂದ್ರೆ ಮನೆಕೆಲಸದ ವೀಸಾ, ಕಾಗದದಲ್ಲಿ ಅವರು ಒಬ್ಬ ಅರಬಿಯ ಮನೆಯ ಕೆಲಸದವರು. ಆ ಮನೆಯ ಒಳಗೆ ಅವರು ಕಾಲಿಟ್ಟದ್ದೇ ಇಲ್ಲ. ದುಡಿದದ್ದು ಒಂದು ಟೈಲರ್ ಅಂಗಡಿಯಲ್ಲಿ. ವರ್ಷಕ್ಕೊಮ್ಮೆ ಇಕಾಮಾ, ಅಂದ್ರೆ ಅಲ್ಲಿ ಇರುವ ಪರವಾನಗಿ, ರಿನ್ಯೂ ಮಾಡುವಾಗ ಅರಬಿಗೆ ದಿನಾರ್ ಕೊಡೋದು, ಆತ ಸಹಿ ಹಾಕೋದು. ಚೆಕ್ಕಿಂಗ್ ಬರ್ತದೆ ಅಂತ ಸುದ್ದಿ ಬಂದ್ರೆ ಶಟರ್ ಎಳೆದು ಲೈಟ್ ಆಫ್ ಮಾಡಿ ಬಟ್ಟೆ ಥಾನಿನ ಹಿಂದೆ ಕೂತುಕೊಳ್ಳೋದು. ರೂಮಿನಲ್ಲಿದ್ದ ಇನ್ನೊಬ್ಬನ ಅರಬಿ ಕೈ ಕೊಟ್ಟ, ಇಕಾಮಾ ಹೋಯ್ತು, ಅವ ಕಲ್ಲಿವಲ್ಲಿ ಆದ. ನಮ್ಮೂರಿನವರಿಗೆ ಆ ಮಾತು ಗೊತ್ತುಂಟು, ಕಾಗದ ಇಲ್ಲದೆ ಉಳಿದವ. ತಾಯಿ ತೀರಿಹೋದಾಗಲೂ ಅವನಿಗೆ ಬರಲಿಕ್ಕೆ ಆಗ್ಲಿಲ್ಲ, ಆಮೇಲೆ ಅಲ್ಲಿಯ ಸರ್ಕಾರ ಕ್ಷಮಾದಾನ ಕೊಟ್ಟಾಗ ಔಟ್‌ಪಾಸ್ (ಊರಿಗೆ ವಾಪಸ್ ಹೋಗುವ ತಾತ್ಕಾಲಿಕ ಕಾಗದ) ತಗೊಂಡು ಬಂದ.

ಕುವೈತ್ ಕಾನೂನಿನ ಪ್ರಕಾರ ಇವರಿಬ್ಬರೂ ಅಕ್ರಮವೇ. ಆದ್ರೆ ನಮ್ಮಲ್ಲಿ ಯಾರೂ ಇವರನ್ನು ಕ್ರಿಮಿನಲ್ ಅಂತ ನೋಡಲಿಲ್ಲ, ಪಾಪ ಏಜೆಂಟ್ ಮೋಸ ಮಾಡಿದ, ಸಾಲ ತೀರಿಸಬೇಕಿತ್ತು, ತಂಗಿ ಮದುವೆ ಇತ್ತು ಅಂದೆವು. ಎಲ್ಲ ನಿಜವೇ. ಯುಎಇ 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆವರೆಗೆ ಕ್ಷಮಾದಾನ ಕೊಟ್ಟು ದಂಡ ಇಲ್ಲದೆ ವಾಪಸ್ ಹೋಗಿ ಅಥವಾ ಕಾಗದ ಸರಿ ಮಾಡಿಕೊಳ್ಳಿ ಅಂದಾಗ ಒಳ್ಳೇ ಕೆಲಸ ಅಂತ ಹೊಗಳಿದೆವು. ಅದೇ ಮಾತನ್ನು ಇಲ್ಲಿ ಯಾವನಾದ್ರೂ ರಾಜಕಾರಣಿ ಬಾಂಗ್ಲಾದೇಶಿಯ ಬಗ್ಗೆ ಹೇಳಿದ್ರೆ ಅವನ ರಾಜಕೀಯ ಅಲ್ಲಿಗೆ ಮುಗೀತು.

2025ರ ಫೆಬ್ರವರಿ 5ಕ್ಕೆ ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಕೈಗೆ ಕೋಳ ಕಾಲಿಗೆ ಸರಪಳಿ ಹಾಕಿ ಅಮೃತಸರಕ್ಕೆ ತಂದು ಇಳಿಸ್ತು. ಇಡೀ ದೇಶ ಸಿಟ್ಟಾಯ್ತು, ಪಾರ್ಲಿಮೆಂಟಿನಲ್ಲಿ ಗಲಾಟೆ. ಯಾರೂ ಅವರು ಅಕ್ರಮ ಅಲ್ಲ ಅಂತ ಹೇಳಲಿಲ್ಲ, ಅಕ್ರಮ ಆಗಿರಲಿ, ವಾಪಸ್ ಕಳಿಸಲಿ, ಆದ್ರೆ ಹೀಗಾ ಕಳಿಸೋದು ಅಂದ್ರು. ನ್ಯಾಯದ ಅಳತೆ ಅಂದ್ರೆ ನನಗೆ ಇದೇ. ಕಳಿಸುವ ಹಕ್ಕು ಉಂಟು, ಆದ್ರೆ ಕಳಿಸುವ ಮೊದಲು ಅವನ ಮಾತು ಕೇಳಬೇಕು, ಆತ ನಿಜವಾಗಿ ಅವನೇನಾ ಅಂತ ನೋಡಬೇಕು, ಮನುಷ್ಯನ ಹಾಗೆ ಕಳಿಸಬೇಕು. ಇದನ್ನು ಅಮೃತಸರದ ಏರ್‌ಪೋರ್ಟಿನಲ್ಲಿ ಕೇಳಿದವರು ಬಂಗಾಳದ ಬಾರ್ಡರಿನಲ್ಲೂ ಕೇಳಬೇಕು. 2025ರಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಬಂಗಾಳಿ ಮಾತಾಡುವ ಕೂಲಿಯವರನ್ನು ಹಿಡಿದು ಬಾಂಗ್ಲಾದೇಶದ ಕಡೆ ದೂಡಿದ್ರು, ಅದರಲ್ಲಿ ಕೆಲವರು ಪಶ್ಚಿಮ ಬಂಗಾಳದ ಭಾರತೀಯರೇ ಅಂತ ಆಮೇಲೆ ಗೊತ್ತಾಗಿ ವಾಪಸ್ ಕರೆಸಬೇಕಾಯ್ತು.

ನ್ಯಾಯದ ಇನ್ನೊಂದು ಅಂಶ ಅಂದ್ರೆ ಆಟ ಶುರುವಾದ ಮೇಲೆ ನಿಯಮ ಬದಲಿಸಬಾರದು. 2025ರ ಸೆಪ್ಟೆಂಬರ್ 19ಕ್ಕೆ ಅಮೆರಿಕ ಎಚ್-1ಬಿ ಅನ್ನುವ ಕೆಲಸದ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಮಾಡ್ತು, ಅಲ್ಲಿಯ ವಾಣಿಜ್ಯ ಸಚಿವರು ವರ್ಷ ವರ್ಷ ಕಟ್ಟಬೇಕು ಅನ್ನುವ ಹಾಗೆ ಹೇಳಿದ್ರು, ಮರುದಿನ ವೈಟ್‌ಹೌಸ್ ಇಲ್ಲ ಇಲ್ಲ ಹೊಸ ಅರ್ಜಿಗೆ ಮಾತ್ರ ಒಂದೇ ಸಲ ಅಂತು. ಆ ನಡುವೆ ರಜೆಗೆ ಊರಿಗೆ ಬಂದಿದ್ದ ಮಣಿಪಾಲ ಸುರತ್ಕಲ್‌ನಲ್ಲಿ ಓದಿದ ಹುಡುಗರು ಸಿಕ್ಕಿದ ರೇಟಿಗೆ ಟಿಕೆಟ್ ಮಾಡಿ ಓಡಿದ್ರು. ಇಂಗ್ಲೆಂಡಿನದ್ದು ಇನ್ನೂ ಬೇಸರದ ಕಥೆ. ಅವರಿಗೆ ವೃದ್ಧರನ್ನು ನೋಡಿಕೊಳ್ಳಲಿಕ್ಕೆ ಜನ ಬೇಕಿತ್ತು, 2022ರಲ್ಲಿ ಕೇರ್ ವರ್ಕರ್ ವೀಸಾ ತೆರೆದ್ರು, ನಮ್ಮ ದೇಶದಿಂದಲೂ ತುಂಬ ಜನ ಮನೆ ಅಡವಿಟ್ಟು ಏಜೆಂಟಿಗೆ ದುಡ್ಡು ಸುರಿದು ಹೋದ್ರು. 2024ರ ಮಾರ್ಚ್‌ನಿಂದ ಗಂಡ ಹೆಂಡತಿ ಮಕ್ಕಳನ್ನು ಕರೆತರಬಾರದು ಅಂದ್ರು, 2025ರ ಜುಲೈಯಲ್ಲಿ ಹೊರದೇಶದಿಂದ ಹೊಸ ನೇಮಕವೇ ಬಂದ್ ಮಾಡಿದ್ರು, ಕಾಯಂ ಆಗಿ ಉಳಿಯಲಿಕ್ಕೆ ಇದ್ದ 5 ವರ್ಷದ ಲೆಕ್ಕವನ್ನು 10ಕ್ಕೆ ಏರಿಸುವ ಪ್ರಸ್ತಾಪ ಇಟ್ರು. ಬೇಕಾದಾಗ ಅವರು ಹೀರೋ, ಚುನಾವಣೆಯ ಬಿಸಿ ಬಂದಾಗ ಹೊರೆ. 2025ರ ಮೇಯಲ್ಲಿ ಪ್ರಧಾನಿ ಸ್ಟಾರ್ಮರ್ ನಾವು ಅಪರಿಚಿತರ ದ್ವೀಪ ಆಗಿಬಿಡುವ ಅಪಾಯ ಉಂಟು ಅಂದ್ರು, ಮುಂದಿನ ತಿಂಗಳೇ ಹಾಗೆ ಹೇಳಬಾರದಿತ್ತು ಅಂದ್ರು. ಎಡಪಕ್ಷ ಬಲಪಕ್ಷ ಅಂತ ವ್ಯತ್ಯಾಸ ಇಲ್ಲ, ವೋಟು ಜಾರ್ತದೆ ಅಂತ ಕಂಡ ಕೂಡ್ಲೇ ಭಾಷೆ ಬದಲಾಗ್ತದೆ.

ಹಾಗಂತ ವಲಸೆ ಬಗ್ಗೆ ಆತಂಕ ಇರುವವರೆಲ್ಲ ಕೆಟ್ಟವರು ಅಂತ ಹೇಳೋದನ್ನು ನಾನು ಒಪ್ಪೋದಿಲ್ಲ. ಉದಾರವಾದಿಗಳು ಇಲ್ಲೇ ಎಡವೋದು. ಇಲ್ಲಿಯ ಗಾರೆ ಕೆಲಸದ ಮೇಸ್ತ್ರಿ "ಅವರು ಕಡಿಮೆಗೆ ಬರ್ತಾರೆ, ಕಂಟ್ರಾಕ್ಟರ್ ನಮ್ಮನ್ನು ಕರೆಯೋದೇ ಇಲ್ಲ" ಅಂದ್ರೆ ಅವನಿಗೆ ಮಾನವೀಯತೆಯ ಪಾಠ ಹೇಳಿದ್ರೆ ಸಾಕಾ? ಅವನದ್ದು ದ್ವೇಷ ಅಲ್ಲ, ಅದು ಅವನ ಸಂಬಳದ ಪ್ರಶ್ನೆ. ಅರ್ಥಶಾಸ್ತ್ರದವರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದಿಳಿದ್ರು, ಅದರಲ್ಲಿ ದೊಡ್ಡ ಪಾಲು ಮಯಾಮಿಯಲ್ಲೇ ಉಳಿದ್ರು. ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ ಸ್ಥಳೀಯರ ಸಂಬಳದ ಮೇಲೆ ಹೇಳುವಂಥ ಪೆಟ್ಟು ಬೀಳಲಿಲ್ಲ ಅಂದ್ರು, ಅವರಿಗೆ 2021ರಲ್ಲಿ ನೊಬೆಲ್ ಬಂತು. ಜಾರ್ಜ್ ಬೊರ್ಹಾಸ್ ಅದೇ ಘಟನೆ ತಗೊಂಡು 2017ರಲ್ಲಿ ಹೈಸ್ಕೂಲು ಮುಗಿಸದ ಕಾರ್ಮಿಕರ ಸಂಬಳ ಚೆನ್ನಾಗಿಯೇ ಬಿತ್ತು ಅಂದ್ರು, ನೀವು ತಗೊಂಡ ಸ್ಯಾಂಪಲ್ ತುಂಬ ಸಣ್ಣದು ಅಂತ ಬೇರೆಯವರು ಅವರನ್ನು ಪ್ರಶ್ನೆ ಮಾಡಿದ್ರು. ಜಗಳ ಇನ್ನೂ ಮುಗಿದಿಲ್ಲ. ಹೆಚ್ಚಿನ ಅಧ್ಯಯನಗಳಲ್ಲಿ ಕಾಣೋದು ಒಟ್ಟು ಸರಾಸರಿಯಲ್ಲಿ ಪೆಟ್ಟು ಸಣ್ಣದು ಅಂತ, ಆದ್ರೆ ಪೆಟ್ಟು ಇದ್ದಲ್ಲಿ ಅದು ಬೀಳೋದು ಅದೇ ಕೆಲಸ ಮಾಡುವ ಬಡವನ ಮೇಲೆ, ಲಾಭ ಹೋಗೋದು ಮನೆ ಕಟ್ಟಿಸುವವನಿಗೆ, ಹೋಟೆಲಿನವನಿಗೆ, ಬೋಟಿನ ಮಾಲೀಕನಿಗೆ. ಹಾಗಾಗಿ ಎಲ್ಲರಿಗೂ ಒಳ್ಳೇದೇ ಅನ್ನುವ ಮಾತೂ ಅರ್ಧ ಸತ್ಯ.

"ಅವರಿಲ್ಲದಿದ್ರೆ ನಮ್ಮ ಕೆಲಸ ಯಾರು ಮಾಡ್ತಾರೆ" ಅನ್ನುವ ವಾದ ಕೇಳಲಿಕ್ಕೆ ಅವರ ಪರವಾಗಿ ಇದ್ದ ಹಾಗೆ ಕಾಣ್ತದೆ, ಆದ್ರೆ ಅದರಲ್ಲೂ ಅವರು ಬರೀ ಕೈಕಾಲು, ಮನುಷ್ಯ ಅಲ್ಲ. ಆ ಯೋಚನೆ ಎಲ್ಲಿಗೆ ಮುಟ್ಟಿಸ್ತದೆ ಅಂತ 2020ರ ಲಾಕ್‌ಡೌನಿನಲ್ಲಿ ಕಂಡದ್ದಲ್ವಾ. ಮೇ ತಿಂಗಳಲ್ಲಿ ಉತ್ತರದ ಕಾರ್ಮಿಕರು ಊರಿಗೆ ಕಳಿಸಿ ಅಂತ ಬೇಡಿಕೊಳ್ತಾ ಇದ್ರು, ಆಗ ಕರ್ನಾಟಕದ ಬಿಜೆಪಿ ಸರ್ಕಾರ ಬಿಲ್ಡರುಗಳ ಜೊತೆ ಮೀಟಿಂಗ್ ಆದ ಮೇಲೆ ಶ್ರಮಿಕ್ ರೈಲು ಬೇಡ ಅಂತ ರೈಲ್ವೆಗೆ ಪತ್ರ ಬರೆದು, ದೇಶವೆಲ್ಲ ಉಗಿದ ಮೇಲೆ ನಿರ್ಧಾರ ಬದಲಿಸ್ತು. ಅದೇ ತಿಂಗಳು ಮುಂಬೈಯಿಂದ ಉಡುಪಿಗೆ ಬಂದದ್ದು ಬೇರೆ ಯಾರೂ ಅಲ್ಲ, ನಮ್ಮ ಅಣ್ಣ ತಮ್ಮಂದಿರೇ. ಅವರಲ್ಲಿ ಪಾಸಿಟಿವ್ ಜಾಸ್ತಿ ಬಂತು, ಜೂನ್ ಶುರುವಿನಲ್ಲಿ ಉಡುಪಿ ರಾಜ್ಯದಲ್ಲೇ ಮೊದಲ ಸ್ಥಾನಕ್ಕೆ ಹೋಯ್ತು. ಆಗ ಇಲ್ಲಿ ಕೇಳಿದ ಮಾತು ನೆನಪಿದೆ, ಮುಂಬೈಯವರು ರೋಗ ತಂದ್ರು, ಅವರನ್ನು ಜಿಲ್ಲೆಯ ಗಡಿಯಲ್ಲೇ ನಿಲ್ಲಿಸಬೇಕಿತ್ತು ಅಂತ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರ ದುಡ್ಡಿಗೆ ರಶೀದಿ ಪುಸ್ತಕ ಹಿಡಿದು ಹೋಗ್ತೇವೋ, ಯಾರ ಹೆಸರು ಕಲ್ಲಿನಲ್ಲಿ ಕೆತ್ತಿಸ್ತೇವೋ, ಅವರೇ ಎರಡು ವಾರದಲ್ಲಿ ಹೊರಗಿನವರು ಆದ್ರು.

ಸಿಎಎ, ಅಂದ್ರೆ 2019ರ ಪೌರತ್ವ ತಿದ್ದುಪಡಿ ಕಾಯ್ದೆ, ಇದರ ಬಗ್ಗೆ ಬರೆಯದೆ ಬಿಟ್ರೆ ಮಂಗಳೂರಿನಲ್ಲಿ ಕೂತು ಬರೆದದ್ದಕ್ಕೆ ಅರ್ಥ ಇಲ್ಲ. 2019ರ ಡಿಸೆಂಬರ್ 19ಕ್ಕೆ ಇಲ್ಲಿ ಪ್ರತಿಭಟನೆಯ ದಿನ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ರು. ಕಾನೂನಿನ ಪರ ಇರುವವರ ವಾದದಲ್ಲಿ ತಿರುಳು ಉಂಟು, ಪಾಕಿಸ್ತಾನ ಬಾಂಗ್ಲಾದೇಶ ಅಫ್ಘಾನಿಸ್ತಾನದ ಹಿಂದೂ ಸಿಖ್ ಕ್ರೈಸ್ತರು ನಿಜವಾಗಿ ಕಷ್ಟ ಪಟ್ಟಿದ್ದಾರೆ, ಅವರಿಗೆ ಹೋಗಲಿಕ್ಕೆ ಬೇರೆ ಜಾಗ ಇಲ್ಲ, ಅವರಿಗೆ ಆಸರೆ ಕೊಟ್ಟದ್ದು ಸರಿ. ವಿರೋಧ ಇರುವವರು ಕೇಳುವ ಪ್ರಶ್ನೆಯೂ ಸರಿಯೇ, ಕಷ್ಟವೇ ಅಳತೆ ಆದ್ರೆ ಪಾಕಿಸ್ತಾನದ ಅಹ್ಮದಿಯಾ ಪಂಗಡದವ ಯಾಕಿಲ್ಲ, ಶ್ರೀಲಂಕಾದ ತಮಿಳ ಯಾಕಿಲ್ಲ? ನನ್ನ ಅಭಿಪ್ರಾಯ ಕೇಳಿದ್ರೆ ಆಸರೆ ಕೊಡುವ ಕಾನೂನು ಮನುಷ್ಯನ ಅಪಾಯ ನೋಡಿ ಕೊಡಬೇಕು, ಧರ್ಮದ ಪಟ್ಟಿ ನೋಡಿ ಅಲ್ಲ. 2024ರ ಮಾರ್ಚ್ 11ಕ್ಕೆ ಅದರ ನಿಯಮಗಳೂ ಬಂದವು. ಆದ್ರೆ ಆ ಎರಡು ಪ್ರಶ್ನೆಗಳನ್ನು ಎದುರುಬದುರು ಇಟ್ಟು ಶಾಂತವಾಗಿ ಮಾತಾಡಿದ ಒಂದು ಸಭೆ ಈ ಊರಿನಲ್ಲಿ ನಡೆದದ್ದು ನಾನು ಕಾಣೆ. ಒಂದು ಕಡೆಯವರಿಗೆ ದೇಶದ್ರೋಹಿ, ಇನ್ನೊಂದು ಕಡೆಯವರಿಗೆ ಫ್ಯಾಸಿಸ್ಟ್, ಮಾತು ಅಲ್ಲಿಗೆ ಮುಗೀತು.

ಹಾಗಾದ್ರೆ ಮಾತು ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ ದುಡ್ಡು ಯಾರಿಗೆ ಹೋಗ್ತದೆ ಅಂತ ನೋಡುವಲ್ಲಿಂದ. ಬಾರ್ಡರ್ ದಾಟಿಸುವ ದಲ್ಲಾಳಿ ಉಂಟು, ನಕಲಿ ಆಧಾರ್ ಮಾಡಿಕೊಡುವ ಸೆಂಟರ್ ಉಂಟು, ಕಾಗದ ನೋಡದೆ ಕಡಿಮೆ ಕೂಲಿಗೆ ಇಟ್ಟುಕೊಳ್ಳುವ ಮಾಲೀಕ ಇದ್ದಾನೆ, ಹತ್ತು ಜನರನ್ನು ಒಂದು ರೂಮಿಗೆ ತುಂಬಿಸಿ ತಲೆ ಲೆಕ್ಕದಲ್ಲಿ ಬಾಡಿಗೆ ತಗೊಳ್ಳುವ ಮನೆಯವರು ಇದ್ದಾರೆ. ಭಾಷಣದಲ್ಲಿ ಇವರ ಹೆಸರು ಬರೋದೇ ಇಲ್ಲ, ಯಾಕಂದ್ರೆ ಇವರಿಗೆ ಇಲ್ಲಿ ವೋಟುಂಟು, ಡೊನೇಶನ್ ಕೊಡುವ ಶಕ್ತಿಯೂ ಉಂಟು. ಗಲ್ಫಿನ ಕಡೆಯಿಂದ ನೋಡಿದ್ರೂ ಹೀಗೇ. ನಮ್ಮ 1983ರ ವಲಸೆ ಕಾನೂನಿನ ಅಡಿ ರಿಜಿಸ್ಟರ್ ಆದ ಏಜೆಂಟ್ ಒಬ್ಬನಿಂದ ತಗೊಳ್ಳಬಹುದಾದ್ದು 30 ಸಾವಿರ ರೂಪಾಯಿ ಮತ್ತೆ ಜಿಎಸ್‌ಟಿ ಮಾತ್ರ, ಆದ್ರೆ ಲಕ್ಷಕ್ಕೆ ಕಡಿಮೆ ಕೊಟ್ಟು ಗಲ್ಫಿಗೆ ಹೋದವನನ್ನು ನಮ್ಮ ಊರಿನಲ್ಲಿ ಹುಡುಕಬೇಕಷ್ಟೆ. ಆ ಸಾಲ ತಲೆ ಮೇಲೆ ಇರುವ ಕಾರಣಕ್ಕೇ ಅವ ಪಾಸ್‌ಪೋರ್ಟ್ ಕಸಿದುಕೊಂಡ್ರೂ ಬಾಯಿ ಮುಚ್ಚಿಕೊಂಡು ಇರೋದು. 2024ರ ಜೂನ್ 12ಕ್ಕೆ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರನ್ನು ತುಂಬಿಸಿದ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ರಲ್ವಾ, ಆಗ ನಾವು ಕೇಳಿದ್ದು ಕಟ್ಟಡದ ಮಾಲೀಕ ಯಾರು, ಕಂಪೆನಿ ಯಾವುದು ಅಂತ. ಸತ್ತವನ ವೀಸಾ ನಂಬರ್ ಯಾರೂ ಕೇಳಲಿಲ್ಲ.

ನಮ್ಮ ಜಿಲ್ಲೆಗಳಲ್ಲೂ ಅದೇ ಪ್ರಶ್ನೆ ಕೇಳಬಹುದು. ಬೇರೆ ರಾಜ್ಯದಿಂದ ಕೆಲಸಕ್ಕೆ ಜನ ತರುವ ಕಂಟ್ರಾಕ್ಟರ್ ಲೈಸೆನ್ಸ್ ತಗೊಳ್ಳಬೇಕು, ಅವರ ರಿಜಿಸ್ಟರ್ ಇಡಬೇಕು, ಹೋಗಿ ಬರುವ ಖರ್ಚು ಕೊಡಬೇಕು ಅಂತ 1979ರಿಂದಲೇ ಕಾನೂನು ಉಂಟು, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಈಗ ಅದು ಸೇರಿದೆ. ಆ ರಿಜಿಸ್ಟರ್ ಸರಿ ಇದ್ರೆ ಯಾರು ಎಲ್ಲಿಂದ ಬಂದದ್ದು ಅಂತ ಪೊಲೀಸರಿಗೆ ಒಂದು ಫೋನಿನಲ್ಲಿ ಗೊತ್ತಾಗ್ತದೆ, ಕನಿಷ್ಠ ಕೂಲಿ ಸರಿಯಾಗಿ ಕೊಡಿಸಿದ್ರೆ ಇಲ್ಲಿಯ ಮೇಸ್ತ್ರಿಯನ್ನು ಬಿಟ್ಟು ಹೊರಗಿನವನನ್ನು ತರುವ ಆಸೆ ಕಂಟ್ರಾಕ್ಟರಿಗೂ ಕಡಿಮೆ ಆಗ್ತದೆ. ಟೀ ಅಂಗಡಿಯ ಎದುರು ಯಾರೂ ಯಾರ ಆಧಾರ್ ಕೇಳಬೇಕಾಗಿಲ್ಲ, ಆ ಅಧಿಕಾರ ಅವರಿಗೆ ಯಾವ ಕಾನೂನೂ ಕೊಟ್ಟಿಲ್ಲ. ಮುಂದಿನ ಸಲ ನುಸುಳುಕೋರರ ಬಗ್ಗೆ ಭಾಷಣ ಮಾಡಲಿಕ್ಕೆ ಯಾವ ಪಕ್ಷದ ಲೀಡರ್ ಬಂದ್ರೂ ಅವರ ಹತ್ತಿರ ಈ ಲೆಕ್ಕ ಕೇಳಿ: ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟು ಕಂಟ್ರಾಕ್ಟರುಗಳ ರಿಜಿಸ್ಟರ್ ಪರಿಶೀಲನೆ ಆಗಿದೆ, ನಕಲಿ ಆಧಾರ್ ಮಾಡಿಕೊಟ್ಟ ಎಷ್ಟು ಜನರಿಗೆ ಶಿಕ್ಷೆ ಆಗಿದೆ, ಗಲ್ಫಿನ ಹೆಸರಿನಲ್ಲಿ ದುಡ್ಡು ತಿಂದ ಎಷ್ಟು ಏಜೆಂಟರ ಲೈಸೆನ್ಸ್ ರದ್ದಾಗಿದೆ.